ಐವತ್ತು ಸಹಿಗಳ ಮುಖ್ತಿಯಾರ್‌ನಾಮಾ: ಪಕ್ಷದ ನಾಯಕನನ್ನು ಆರಿಸುವವರು ಯಾರು?

ಚುನಾವಣೆ ಬಂತೆಂದರೆ ನಮ್ಮ ಮೊಹಲ್ಲಾಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಈ ಸಲ ಯಾರಿಗೆ ಓಟು ಹಾಕೋದು? ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಓಟು ಕೇಳಲು ಬಂದಿರುವ ಈ ಪಕ್ಷಕ್ಕೆ ಇವರೇ ನಾಯಕರು ಎಂದು ತೀರ್ಮಾನ ಮಾಡಿದವರು ಯಾರು? ಬಾವುಟ ಕಟ್ಟುವ, ಮನೆಮನೆಗೆ ಚೀಟಿ ಹಂಚುವ, ಬೂತಿನಲ್ಲಿ ಬೆಳಗಿನಿಂದ ಸಂಜೆವರೆಗೆ ಕೂರುವ ಕಾರ್ಯಕರ್ತನನ್ನು ಈ ಬಗ್ಗೆ ಯಾರಾದರೂ ಕೇಳಿದ್ದಾರಾ?

"ಅದೆಲ್ಲ ಹೈಕಮಾಂಡ್ ತೀರ್ಮಾನ" ಎನ್ನುತ್ತೇವೆ. ಈ ಮಾತು ನಮ್ಮ ಬಾಯಿಗೆ ಎಷ್ಟು ರೂಢಿಯಾಗಿದೆ ಎಂದರೆ, ಇದು ಹುಟ್ಟಿನಿಂದಲೇ ಹೀಗೆ ಎಂದು ನಂಬಿಬಿಟ್ಟಿದ್ದೇವೆ. ಆದರೆ ಇತಿಹಾಸ ಹಾಗೆ ಹೇಳುವುದಿಲ್ಲ. ಸಾಮಾನ್ಯ ಸದಸ್ಯನಿಗೆ ನಾಯಕನನ್ನು ಆರಿಸುವ ಹಕ್ಕು ಬೇಕು ಎಂಬ ಜಗಳ ನಮ್ಮ ದೇಶದಲ್ಲಿ ನೂರೈವತ್ತು ವರ್ಷ ಹಳೆಯದು. ಅದರ ಮುಖ್ಯ ಅಧ್ಯಾಯಗಳು ನಡೆದ ಊರು ನಮಗೆ ದೂರದ್ದೇನಲ್ಲ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರು ಓದಲು, ದುಡಿಯಲು ಹೋಗುತ್ತಿದ್ದ, ಇವತ್ತಿಗೂ ಹೋಗುತ್ತಿರುವ ಪುಣೆ ಅದು. ಈ ಬರಹದಲ್ಲಿ ಪುಣೆಯಿಂದ ಹೊರಟು ಆ ಕಥೆಯನ್ನು ಇವತ್ತಿನವರೆಗೆ ನೋಡೋಣ. ಪರೀಕ್ಷೆಗಾಗಿ ಓದುವ ವಿದ್ಯಾರ್ಥಿಗಳಿಗೆ ಇಲ್ಲಿನ ಹಲವು ಹೆಸರು, ಇಸವಿಗಳು ಗೊತ್ತಿರುತ್ತವೆ. ಅವನ್ನು ಒಂದೇ ದಾರದಲ್ಲಿ ಪೋಣಿಸುವುದಷ್ಟೇ ನನ್ನ ಕೆಲಸ.

ಯಾರ ಪರವಾಗಿ ಬಂದಿದ್ದೀರಿ?

1870ರ ಏಪ್ರಿಲ್ 2ರಂದು ಪುಣೆಯಲ್ಲಿ 'ಸಾರ್ವಜನಿಕ ಸಭಾ' ಹುಟ್ಟಿತು. ಅದರ ಹಿಂದಿದ್ದ ಮುಖ್ಯ ವ್ಯಕ್ತಿ ಗಣೇಶ ವಾಸುದೇವ ಜೋಶಿ. ಜನ ಅವರನ್ನು 'ಸಾರ್ವಜನಿಕ ಕಾಕಾ' ಎಂದೇ ಕರೆಯುತ್ತಿದ್ದರು. ಪುಣೆಯ ಪರ್ವತಿ ಬೆಟ್ಟದ ದೇವಸ್ಥಾನದ ಆಡಳಿತ ಸರಿಯಾಗಿಲ್ಲ ಎಂಬ ದೂರಿನಿಂದ ಎದ್ದ ಚರ್ಚೆ ಈ ಸಂಸ್ಥೆಗೆ ಕಾರಣವಾಯಿತು. ದೊಡ್ಡ ಮನುಷ್ಯರು ನಾಲ್ಕು ಜನ ಸೇರಿ ಸರ್ಕಾರಕ್ಕೆ ಅರ್ಜಿ ಬರೆದರೆ ಸಾಕೇ? ನೀವು ಯಾರ ಪರವಾಗಿ ಮಾತಾಡುತ್ತಿದ್ದೀರಿ ಎಂದು ಕೇಳಿದರೆ ಏನು ತೋರಿಸುವುದು?

ಅದಕ್ಕೆ ಅವರು ಕಂಡುಕೊಂಡ ಉಪಾಯ ನೋಡಿ. ಸಭಾದ ಸದಸ್ಯನಾಗಬೇಕಾದರೆ ಕನಿಷ್ಠ ಐವತ್ತು ಜನ ವಯಸ್ಕರು ಸಹಿ ಮಾಡಿದ ಅಧಿಕಾರಪತ್ರ ತರಬೇಕು. ಅದರ ಹೆಸರು ಮುಖ್ತಿಯಾರ್‌ನಾಮಾ. ಉರ್ದು ಬಲ್ಲವರಿಗೆ ಈ ಪದ ಹೊಸದಲ್ಲ. ನಮ್ಮ ಪರವಾಗಿ ಕೋರ್ಟಿನಲ್ಲೋ ಕಚೇರಿಯಲ್ಲೋ ಕೆಲಸ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಕಾಗದ ಅದು. ಬರೆದುಕೊಟ್ಟವನೇ ಒಡೆಯ, ಬರೆಸಿಕೊಂಡವನು ಅವನ ಮುಖ್ತಿಯಾರ್. ಆಸ್ತಿ ವ್ಯವಹಾರದ ಈ ಪದವನ್ನು ಪುಣೆಯವರು ಸಾರ್ವಜನಿಕ ಜೀವನಕ್ಕೆ ತಂದರು. ಹೀಗೆ ಸುಮಾರು 6000 ಜನರ ಒಪ್ಪಿಗೆ ಪಡೆದ 95 ಸದಸ್ಯರಿಂದ ಸಭಾ ಶುರುವಾಯಿತು. ಬ್ರಿಟಿಷ್ ಆಳ್ವಿಕೆಯಲ್ಲಿ ಸಾಮಾನ್ಯರಿಗೆ ಯಾವ ಮತದಾನದ ಹಕ್ಕೂ ಇಲ್ಲದ ಕಾಲವದು ಎಂಬುದನ್ನು ಮರೆಯಬೇಡಿ.

ಹಾಗಂತ ಇದನ್ನು ಪೂರ್ಣ ಪ್ರಜಾಪ್ರಭುತ್ವ ಎನ್ನಲಾಗದು. ಸಭಾದಲ್ಲಿದ್ದವರು ಹೆಚ್ಚಾಗಿ ಮೇಲ್ಜಾತಿಯ ವಿದ್ಯಾವಂತರು, ಸರ್ದಾರರು, ಸಾಹುಕಾರರು. ಅದೇ ಪುಣೆಯಲ್ಲಿ 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿದ ಜೋತಿಬಾ ಫುಲೆ ಈ 'ಸಾರ್ವಜನಿಕ' ಎಂಬ ಹೆಸರನ್ನೇ ಪ್ರಶ್ನಿಸಿದವರು. ಶೂದ್ರ, ಅತಿಶೂದ್ರ ರೈತರು ಇಲ್ಲದ ಸಭೆ ಯಾವ ಸಾರ್ವಜನಿಕರದ್ದು ಎಂಬುದು ಅವರ ತಕರಾರು. ಆ ತಕರಾರು ನ್ಯಾಯವಾದದ್ದೇ. ಮುಖ್ತಿಯಾರ್‌ನಾಮಾ ಒಳ್ಳೆಯ ಪದ್ಧತಿ, ಆದರೆ ಸಹಿ ಮಾಡಲು ಯಾರನ್ನು ಕೇಳಲಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ವಿಷಯ.

ಪಟ್ಟಿ ಬದಲಾದರೆ ನಾಯಕ ಬದಲಾಗುತ್ತಾನೆ

ಇಪ್ಪತ್ತೈದು ವರ್ಷ ಈ ಸಭಾದ ಮೇಲೆ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರ ಪ್ರಭಾವವಿತ್ತು. ಅವರ ಶಿಷ್ಯ ಗೋಪಾಲಕೃಷ್ಣ ಗೋಖಲೆ ಸಭಾದ ತ್ರೈಮಾಸಿಕ ಪತ್ರಿಕೆ ನಡೆಸುತ್ತಿದ್ದರು. 1895ರ ಜುಲೈನಲ್ಲಿ ಸಭಾದ ಪದಾಧಿಕಾರಿಗಳ ಆಯ್ಕೆ ನಡೆದಾಗ ಬಾಲಗಂಗಾಧರ ತಿಲಕರ ಬಳಗದ ಬೆಂಬಲಿಗರದ್ದೇ ಬಹುಮತ. ರಾನಡೆ ಬಳಗದವರು ಸೋತರು. ಮರುವರ್ಷ, 1896ರಲ್ಲಿ, ರಾನಡೆ ಮತ್ತು ಗೋಖಲೆ 'ಡೆಕ್ಕನ್ ಸಭಾ' ಎಂಬ ಬೇರೆ ಸಂಸ್ಥೆ ಕಟ್ಟಿಕೊಂಡರು.

ಇಲ್ಲಿ ಯಾರು ಸರಿ, ಯಾರು ತಪ್ಪು ಎಂದು ಪಕ್ಷ ಹಿಡಿಯುವುದು ನನ್ನ ಉದ್ದೇಶವಲ್ಲ. ತಿಲಕರ ಕಾಲದಲ್ಲಿ ಸಭಾ ಬರಗಾಲದ ರೈತರ ಬಳಿಗೆ ಹೋಯಿತು. ಕಂದಾಯ ಮಾಫಿಯ ಕಾನೂನು ನಿಮಗೂ ಇದೆ ಎಂದು ಹಳ್ಳಿಗಳಲ್ಲಿ ತಿಳಿಸಿ ಹೇಳಿತು. ಸಿಟ್ಟಾದ ಸರ್ಕಾರ 1897ರಲ್ಲಿ ಅದರ ಮಾನ್ಯತೆಯನ್ನೇ ಹಿಂತೆಗೆದುಕೊಂಡಿತು. ಅಂದರೆ ಹೊಸ ನಾಯಕತ್ವ ಸಂಸ್ಥೆಯನ್ನು ಜನರ ಹತ್ತಿರ ಒಯ್ದಿತು. ಇನ್ನೊಂದು ಮುಖವೂ ಇದೆ. ಅದೇ 1895ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆದಾಗ, ಸಮಾಜ ಸುಧಾರಣೆಯ ಪರಿಷತ್ತನ್ನು ಕಾಂಗ್ರೆಸ್ ಪೆಂಡಾಲಿನಲ್ಲಿ ನಡೆಸಕೂಡದೆಂದು ದೊಡ್ಡ ಗದ್ದಲವಾಯಿತು. ವರ್ಷಗಳಿಂದ ಕಾಂಗ್ರೆಸ್ ಜೊತೆಗೇ ನಡೆಯುತ್ತಿದ್ದ ಪರಿಷತ್ತು ಅದು. ರಾನಡೆ ಜಗಳ ಬೇಡವೆಂದು ಅದನ್ನು ಬೇರೆ ಜಾಗಕ್ಕೆ ಒಯ್ದರು. ವಿಧವೆಯರ, ಹೆಣ್ಣುಮಕ್ಕಳ ಶಿಕ್ಷಣದ, ಬಾಲ್ಯವಿವಾಹದ ಪ್ರಶ್ನೆ ಎತ್ತುವವರಿಗೆ ಬಹುಮತದ ಪೆಂಡಾಲಿನಲ್ಲಿ ಜಾಗ ಸಿಗಲಿಲ್ಲ.

ಈ ಒಂದೇ ವರ್ಷದ ಪುಣೆ ನಮಗೆ ಎರಡು ಪಾಠ ಹೇಳುತ್ತದೆ. ಒಂದು, ಸದಸ್ಯರ ಪಟ್ಟಿ ಯಾರ ಕೈಯಲ್ಲಿದೆಯೋ ನಾಯಕತ್ವ ಅವರದ್ದು. ನಮ್ಮೂರಿನ ಅಂಜುಮನ್ ಅಥವಾ ಜಮಾಅತ್ ಕಮಿಟಿಯ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ನಿಜವಾದ ಜಗಳ ಮತದಾನದ ದಿನ ನಡೆಯುವುದಿಲ್ಲ, ಅದಕ್ಕೂ ಮೊದಲು ಸದಸ್ಯತ್ವದ ಪಟ್ಟಿ ತಯಾರಾಗುವಾಗ ನಡೆಯುತ್ತದೆ. ಎರಡನೆಯದು, ಬಹುಮತ ಒಂದೇ ಸಾಲದು, ಸೋತವರಿಗೂ ಒಳಗೇ ಇರಲು ಜಾಗ ಬೇಕು.

ಈ ಎರಡನೆಯ ಮಾತನ್ನು ಕಾಂಗ್ರೆಸ್ ಇನ್ನೂ ಮೊದಲೇ ಯೋಚಿಸಿತ್ತು. 1887ರ ಮದ್ರಾಸ್ ಅಧಿವೇಶನದ ಅಧ್ಯಕ್ಷರು ಬದ್ರುದ್ದೀನ್ ತ್ಯಾಬ್ಜಿ, ಆ ಸ್ಥಾನಕ್ಕೆ ಬಂದ ಮೊದಲ ಮುಸ್ಲಿಂ. ಮುಸ್ಲಿಮರ ಆತಂಕಗಳನ್ನು ಅವರು ಮುಂದಿಟ್ಟರು. ಮರುವರ್ಷ ಅಲಹಾಬಾದಿನಲ್ಲಿ ಕಾಂಗ್ರೆಸ್ ಒಂದು ನಿಯಮ ಒಪ್ಪಿತು: ಹಿಂದೂ ಅಥವಾ ಮುಸ್ಲಿಂ ಪ್ರತಿನಿಧಿಗಳು ಒಂದು ಸಮುದಾಯವಾಗಿ ಒಮ್ಮತದಿಂದ, ಅಥವಾ ಒಮ್ಮತಕ್ಕೆ ಹತ್ತಿರವಾಗಿ, ಯಾವುದಾದರೂ ವಿಷಯಕ್ಕೆ ಆಕ್ಷೇಪಿಸಿದರೆ ಅದನ್ನು ಕೈಬಿಡಬೇಕು. ಸಂಖ್ಯೆಯಲ್ಲಿ ಕಡಿಮೆ ಇರುವವರು ಸಂಸ್ಥೆಯಿಂದ ಹೊರಗೆ ನಿಂತು ದೂರುವ ಬದಲು ಒಳಗೆ ಬಂದು ನಿಯಮ ಮಾಡಿಸಿದ ಉದಾಹರಣೆ ಇದು.

ಅಧ್ಯಕ್ಷರನ್ನು ಆತಿಥೇಯರು ಆರಿಸುತ್ತಿದ್ದ ಕಾಲ

ಕಾಂಗ್ರೆಸ್ಸಿನ ಮೊದಲ ಅಧಿವೇಶನ ಪುಣೆಯಲ್ಲೇ ನಡೆಯಬೇಕಿತ್ತು ಎಂಬುದು ಹಲವರಿಗೆ ಗೊತ್ತಿರಲಿಕ್ಕಿಲ್ಲ. 1885ರಲ್ಲಿ ಅಲ್ಲಿ ಕಾಲರಾ ಕಾಣಿಸಿಕೊಂಡಿದ್ದರಿಂದ ಅದು ಮುಂಬೈಗೆ ಹೋಯಿತು. ಅಲ್ಲಿ ಸೇರಿದ 72 ಜನರಿಗೆ ಯಾರ ಮುಖ್ತಿಯಾರ್‌ನಾಮಾವೂ ಕಡ್ಡಾಯವಾಗಿರಲಿಲ್ಲ. ಆಮೇಲೆ ಬಹಳ ವರ್ಷ, ಅಧಿವೇಶನ ನಡೆಯುವ ಊರಿನ ಸ್ವಾಗತ ಸಮಿತಿಯೇ ಅಧ್ಯಕ್ಷರ ಹೆಸರು ಗೊತ್ತು ಮಾಡುತ್ತಿತ್ತು. ಹಿರಿಯ ನಾಯಕರು ಪತ್ರ ಬರೆದುಕೊಂಡು ಒಂದು ಹೆಸರಿಗೆ ಬರುತ್ತಿದ್ದರು. ಅಧಿವೇಶನದ ದಿನ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಈ ಪದ್ಧತಿ 1905ರ ಬಂಗಾಳ ವಿಭಜನೆಯ ನಂತರ ಒಡೆಯಿತು. ಸ್ವದೇಶಿ ಚಳವಳಿಯಿಂದ ಸಾವಿರಾರು ಹೊಸ ಕಾರ್ಯಕರ್ತರು ಬಂದರು. ಅವರಿಗೆ ತಿಲಕರು ಅಧ್ಯಕ್ಷರಾಗಬೇಕಿತ್ತು. 1906ರ ಕಲ್ಕತ್ತಾ ಅಧಿವೇಶನಕ್ಕೆ ತಿಲಕರ ಹೆಸರು ಬಂದಾಗ, ಮಂದಗಾಮಿ ಹಿರಿಯರು ಇಂಗ್ಲೆಂಡಿನಲ್ಲಿದ್ದ ಎಂಬತ್ತು ದಾಟಿದ ದಾದಾಭಾಯಿ ನವರೋಜಿಯವರನ್ನು ಕರೆಸಿದರು. ಅವರ ಹೆಸರಿಗೆ ಯಾರು ತಾನೇ ಎದುರಾಡುತ್ತಾರೆ? 1907ರ ಅಧಿವೇಶನ ನಾಗಪುರದಲ್ಲಿ ನಡೆಯಬೇಕಿತ್ತು. ಅಲ್ಲಿ ತಿಲಕರ ಬೆಂಬಲಿಗರ ಜೋರು ಕಂಡು ಅಧಿವೇಶನವನ್ನೇ ಸೂರತ್‌ಗೆ ಬದಲಾಯಿಸಿದರು. ಅಲ್ಲಿನ ಸ್ವಾಗತ ಸಮಿತಿ ರಾಸ್ ಬಿಹಾರಿ ಘೋಷ್ ಅವರನ್ನು ಆರಿಸಿತು. ಡಿಸೆಂಬರ್ 27ರಂದು ತಿಲಕರು ವೇದಿಕೆಗೆ ಹೋಗಿ ಮಾತಾಡಲು ಅವಕಾಶ ಕೇಳಿದರು. ಸಿಗಲಿಲ್ಲ. ಗಲಾಟೆ ಎದ್ದಿತು, ಚಪ್ಪಲಿ ಹಾರಿತು, ಕುರ್ಚಿಗಳು ಹಾರಿದವು, ಸಭೆ ಮುರಿಯಿತು.

ಸೂರತ್ ಎಂದರೆ ಪಠ್ಯಪುಸ್ತಕದಲ್ಲಿ 'ಮಂದಗಾಮಿಗಳು ಮತ್ತು ತೀವ್ರಗಾಮಿಗಳ ಒಡಕು' ಎಂಬ ಒಂದು ಸಾಲು. ಸಿದ್ಧಾಂತದ ಭಿನ್ನಾಭಿಪ್ರಾಯ ಇದ್ದದ್ದು ನಿಜ. ಆದರೆ ಅಧ್ಯಕ್ಷರನ್ನು ಆರಿಸಲು ಎಲ್ಲರೂ ಒಪ್ಪುವ ಒಂದು ನಿಯಮ ಇದ್ದಿದ್ದರೆ ಆ ಭಿನ್ನಾಭಿಪ್ರಾಯ ಮತಪೆಟ್ಟಿಗೆಯಲ್ಲಿ ಇತ್ಯರ್ಥವಾಗಬಹುದಿತ್ತು. ನಿಯಮ ಇರಲಿಲ್ಲ, ಹಾಗಾಗಿ ಚಪ್ಪಲಿ ಬಂತು. 1908ರಲ್ಲಿ ಅಲಹಾಬಾದಿನಲ್ಲಿ ಹಿರಿಯರು ನಿಯಮಾವಳಿ ಬರೆದರು, ಆದರೆ ಅದನ್ನು ತಿಲಕರ ಕಡೆಯವರು ಒಳಗೆ ಬರದಂತೆ ಬರೆದರು. ಅವರು ಮರಳಿ ಬರಲು 1916ರ ಲಕ್ನೋವರೆಗೆ ಕಾಯಬೇಕಾಯಿತು.

ನಾಲ್ಕಾಣೆಯ ಸದಸ್ಯ

ನಿಜವಾದ ಬದಲಾವಣೆ 1920ರ ಡಿಸೆಂಬರಿನಲ್ಲಿ ನಾಗಪುರದಲ್ಲಿ ಆಯಿತು. ಗಾಂಧೀಜಿ ಮುಂದೆ ನಿಂತು ಮಾಡಿಸಿದ ಹೊಸ ನಿಯಮಾವಳಿಯಂತೆ ವರ್ಷಕ್ಕೆ ನಾಲ್ಕಾಣೆ ಕೊಟ್ಟು, ಧ್ಯೇಯವನ್ನು ಒಪ್ಪಿದ ಯಾರೇ ಆದರೂ ಸದಸ್ಯರಾಗಬಹುದು. ಹಳ್ಳಿ, ತಾಲ್ಲೂಕು, ಜಿಲ್ಲೆ, ಪ್ರಾಂತ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಮಿತಿಗಳು. 50,000 ಜನಸಂಖ್ಯೆಗೆ ಒಬ್ಬ ಪ್ರತಿನಿಧಿ. ಮೇಲೆ 350 ಸದಸ್ಯರ ಅಖಿಲ ಭಾರತ ಸಮಿತಿ, ಅದರ ಮೇಲೆ 15 ಜನರ ಕಾರ್ಯಕಾರಿ ಸಮಿತಿ. ಖಿಲಾಫತ್ ಮತ್ತು ಅಸಹಕಾರ ಚಳವಳಿ ಜೊತೆಯಾಗಿ ನಡೆಯುತ್ತಿದ್ದ ಆ ದಿನಗಳಲ್ಲಿ ನಮ್ಮ ಸಮುದಾಯದ ಸಾಮಾನ್ಯ ಜನರೂ ದೊಡ್ಡ ಸಂಖ್ಯೆಯಲ್ಲಿ ರಾಜಕೀಯಕ್ಕೆ ಬಂದರು.

ಕನ್ನಡಿಗರಿಗೆ ನಾಗಪುರ ಇನ್ನೊಂದು ಕಾರಣಕ್ಕೆ ಮುಖ್ಯ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರು ವೆಂಕಟರಾಯರು, ತಿಲಕರ ಅನುಯಾಯಿಯಾಗಿದ್ದ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆ ಮೊದಲಾದವರ ಜೊತೆ ನೂರಾರು ಕಾರ್ಯಕರ್ತರು ಅಲ್ಲಿಗೆ ಹೋಗಿದ್ದರು. ಭಾಷೆಯ ಆಧಾರದ ಮೇಲೆ ಪ್ರಾಂತಗಳನ್ನು ರಚಿಸಿದಾಗ ಕರ್ನಾಟಕಕ್ಕೆ ಪ್ರತ್ಯೇಕ ಪ್ರದೇಶ ಸಮಿತಿ ಸಿಕ್ಕಿತು. ಮುಂಬೈ ಪ್ರಾಂತ, ಮದ್ರಾಸ್ ಪ್ರಾಂತ, ಮೈಸೂರು, ಹೈದರಾಬಾದ್ ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ರಾಜ್ಯ ಸಿಗುವ 36 ವರ್ಷ ಮೊದಲೇ ಒಂದು ಪಕ್ಷದೊಳಗೆ ತಮ್ಮದೇ ಹೆಸರಿನ ಮತ ಸಿಕ್ಕಿತು.

ಇದರ ಪಕ್ಕದಲ್ಲಿ ಮುಸ್ಲಿಂ ಲೀಗನ್ನು ಇಟ್ಟು ನೋಡಿ. 1906ರಲ್ಲಿ ಢಾಕಾದಲ್ಲಿ ಹುಟ್ಟಿದ ಲೀಗಿನ ಮೊದಲ ನಿಯಮಾವಳಿಯಲ್ಲಿ ಸದಸ್ಯರ ಸಂಖ್ಯೆಗೇ 400ರ ಮಿತಿ ಇತ್ತು. ಕೋಟಿಗಟ್ಟಲೆ ಜನರ ಪರವಾಗಿ ಮಾತಾಡುತ್ತೇವೆ ಎನ್ನುವ ಸಂಸ್ಥೆಯ ನಾಯಕತ್ವ ನವಾಬರು, ಜಮೀನ್ದಾರರು, ವಕೀಲರ ನಡುವೆಯೇ ತೀರ್ಮಾನವಾಗುತ್ತಿತ್ತು. ಚಂದಾವನ್ನು ಎರಡಾಣೆಗೆ ಇಳಿಸಿ ಸಾಮಾನ್ಯರಿಗೆ ಬಾಗಿಲು ತೆರೆದದ್ದು 1937ರ ಲಕ್ನೋ ಅಧಿವೇಶನದ ಹೊತ್ತಿಗೆ. ನೇಕಾರ, ಬೀಡಿ ಕಾರ್ಮಿಕ, ರೈತ ಮುಸ್ಲಿಮನಿಗೆ ಮೂವತ್ತು ವರ್ಷ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ಅಷ್ಟು ಕಾಲ ಅವನ ಹೆಸರಲ್ಲಿ ಮಾತಾಡಿದವರಿಗೆ ಅವನ ಮುಖ್ತಿಯಾರ್‌ನಾಮಾ ಇರಲಿಲ್ಲ.

ನಾಲ್ಕಾಣೆಗೂ ಒಂದು ರೋಗ ಅಂಟಿತು. ನಾಲ್ಕಾಣೆಯನ್ನು ಸದಸ್ಯನ ಬದಲು ನಾಯಕನೇ ಕಟ್ಟಿದರೆ? 1937ರಲ್ಲಿ ಪ್ರಾಂತಗಳಲ್ಲಿ ಅಧಿಕಾರ ಸಿಕ್ಕ ಮೇಲೆ ಕಾಂಗ್ರೆಸ್ ಸದಸ್ಯತ್ವ ಲಕ್ಷಗಳಲ್ಲಿ ಏರಿತು, ಜೊತೆಗೆ ನಕಲಿ ಹೆಸರುಗಳೂ ತುಂಬಿದವು. 1933ರಲ್ಲಿ ಪುಣೆಯಿಂದಲೇ ಪ್ರಕಟಣೆ ಶುರು ಮಾಡಿದ್ದ 'ಹರಿಜನ' ಪತ್ರಿಕೆಯಲ್ಲಿ ಗಾಂಧೀಜಿ ಈ ನಕಲಿ ಸದಸ್ಯತ್ವದ ಬಗ್ಗೆ ಕಟುವಾಗಿ ಬರೆದರು.

ಗೆದ್ದರೂ ಉಳಿಯದವರು

1930ರ ದಶಕದ ಕೊನೆಯ ಹೊತ್ತಿಗೆ ಅಧ್ಯಕ್ಷರನ್ನು ಪ್ರಾಂತಗಳ ಪ್ರತಿನಿಧಿಗಳೇ ಮತ ಹಾಕಿ ಆರಿಸುವ ಪದ್ಧತಿ ಬಂದಿತ್ತು. ಅದರ ದೊಡ್ಡ ಪರೀಕ್ಷೆ 1939ರ ಜನವರಿ 29ರಂದು ನಡೆಯಿತು. ಸುಭಾಷ್‌ಚಂದ್ರ ಬೋಸ್ ಎರಡನೇ ಬಾರಿಗೆ ನಿಂತರು. ಗಾಂಧೀಜಿ ಮತ್ತು ಕಾರ್ಯಕಾರಿ ಸಮಿತಿಯ ಹಿರಿಯರು ಮೊದಲು ಮೌಲಾನಾ ಅಬುಲ್ ಕಲಾಂ ಆಜಾದರನ್ನು ಬಯಸಿದ್ದರು. ಆಜಾದರು ಹಿಂದೆ ಸರಿದ ಮೇಲೆ ಪಟ್ಟಾಭಿ ಸೀತಾರಾಮಯ್ಯ ಅಭ್ಯರ್ಥಿಯಾದರು. ಫಲಿತಾಂಶ: ಬೋಸ್ 1580, ಪಟ್ಟಾಭಿ 1377. ಕರ್ನಾಟಕದ ಪ್ರತಿನಿಧಿಗಳಲ್ಲಿ ಹೆಚ್ಚಿನವರು ಬೋಸ್ ಅವರಿಗೆ ಮತ ಹಾಕಿದ್ದರು.

ಪಟ್ಟಾಭಿಯವರ ಸೋಲು ನನ್ನ ಸೋಲು ಎಂಬ ಅರ್ಥದ ಮಾತು ಗಾಂಧೀಜಿಯಿಂದ ಬಂತು. ಮಾರ್ಚಿನಲ್ಲಿ ತ್ರಿಪುರಿ ಅಧಿವೇಶನದಲ್ಲಿ, ಕಾರ್ಯಕಾರಿ ಸಮಿತಿಯನ್ನು ಗಾಂಧೀಜಿಯ ಇಚ್ಛೆಯಂತೆಯೇ ನೇಮಿಸಬೇಕು ಎಂಬ ನಿರ್ಣಯ ಪಾಸಾಯಿತು. ಸಮಿತಿ ಕಟ್ಟಲಾಗದೆ ಬೋಸ್ ಏಪ್ರಿಲಿನಲ್ಲಿ ರಾಜೀನಾಮೆ ಕೊಟ್ಟರು. ಮತ ಹಾಕಿದವರು ಗೆದ್ದರು, ಆದರೆ ಅವರು ಆರಿಸಿದ ಅಧ್ಯಕ್ಷ ಮೂರು ತಿಂಗಳು ಉಳಿಯಲಿಲ್ಲ.

1940ರಲ್ಲಿ ರಾಮಗಢದ ಅಧಿವೇಶನಕ್ಕೆ ಆಜಾದರು ಎಂ.ಎನ್. ರಾಯ್ ಅವರನ್ನು ದೊಡ್ಡ ಅಂತರದಿಂದ ಸೋಲಿಸಿ ಅಧ್ಯಕ್ಷರಾದರು. ಅವರು 1946ರವರೆಗೆ ಮುಂದುವರಿದದ್ದು ಚುನಾವಣೆ ನಡೆಸಲು ಸಾಧ್ಯವೇ ಇರಲಿಲ್ಲವೆಂದು. 1942ರ ಆಗಸ್ಟಿನಲ್ಲಿ ಆಜಾದರೂ ಸೇರಿದಂತೆ ಕಾರ್ಯಕಾರಿ ಸಮಿತಿಯವರು ಅಹಮದ್‌ನಗರ ಕೋಟೆಯಲ್ಲಿ, ಗಾಂಧೀಜಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧಿಗಳಾದರು. ಹೆಸರಿರುವ ನಾಯಕರೆಲ್ಲ ಒಳಗಿದ್ದಾಗ ಚಳವಳಿ ನಡೆಸಿದವರು ಹೆಸರಿಲ್ಲದ ಕಾರ್ಯಕರ್ತರು. ಆದರೆ 1946ರಲ್ಲಿ ಮುಂದಿನ ಅಧ್ಯಕ್ಷರ ಪ್ರಶ್ನೆ ಬಂದಾಗ, ಪ್ರಾಂತ ಸಮಿತಿಗಳಲ್ಲಿ ಹೆಚ್ಚಿನವು ಸರ್ದಾರ್ ಪಟೇಲರ ಹೆಸರು ಕಳಿಸಿದ್ದರೂ, ಗಾಂಧೀಜಿಯ ಮನಸ್ಸು ತಿಳಿದು ಪಟೇಲರು ಹಿಂದೆ ಸರಿದರು. ನೆಹರೂ ಅಧ್ಯಕ್ಷರಾದರು.

ಇನ್ನೊಂದು ಉದಾಹರಣೆ ನಮ್ಮನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. 1950ರಲ್ಲಿ ಮೂವರು ಸ್ಪರ್ಧಿಸಿದರು. ಪುರುಷೋತ್ತಮದಾಸ್ ಟಂಡನ್‌ಗೆ 1306, ಆಚಾರ್ಯ ಕೃಪಲಾನಿಗೆ 1092, ಪುಣೆ ಭಾಗದ ಹಿರಿಯ ಕಾರ್ಯಕರ್ತ ಶಂಕರರಾವ್ ದೇವ್ ಅವರಿಗೆ 202 ಮತ. ಟಂಡನ್ ಅವರ ನಿಲುವುಗಳಲ್ಲಿ ಕೋಮುವಾದದ ಛಾಯೆ ಇದೆ ಎಂಬುದು ಪ್ರಧಾನಿ ನೆಹರೂ ಅವರ ಅಭಿಪ್ರಾಯ. ವಿಭಜನೆಯ ಗಾಯ ಹಸಿಯಾಗಿದ್ದ ಕಾಲ. ನೆಹರೂ 1951ರಲ್ಲಿ ಕಾರ್ಯಕಾರಿ ಸಮಿತಿ ಬಿಟ್ಟರು. ಒತ್ತಡ ತಾಳದೆ ಟಂಡನ್ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ನೆಹರೂ ತಾವೇ ಪಕ್ಷಾಧ್ಯಕ್ಷರಾದರು.

ಓದುಗರೇ, ಇಲ್ಲಿ ನಾವು ಪ್ರಾಮಾಣಿಕವಾಗಿ ಯೋಚಿಸಬೇಕು. 1939ರಲ್ಲಿ ಆರಿಸಿದ ಅಧ್ಯಕ್ಷನನ್ನು ಇಳಿಸಿದ್ದು ತಪ್ಪು ಎಂದು ನಾವು ಸುಲಭವಾಗಿ ಹೇಳುತ್ತೇವೆ. 1951ರಲ್ಲಿ ಇಳಿಸಿದ್ದು ಒಳ್ಳೆಯದಾಯಿತು ಎಂದು ಅಷ್ಟೇ ಸುಲಭವಾಗಿ ಹೇಳುತ್ತೇವೆ, ಯಾಕೆಂದರೆ ಅದು ಅಲ್ಪಸಂಖ್ಯಾತರಿಗೆ ನೆಮ್ಮದಿ ಕೊಟ್ಟಿತು. ಆದರೆ ಎರಡೂ ಬಾರಿ ಬಳಸಿದ್ದು ಒಂದೇ ಬಾಗಿಲು. ದೊಡ್ಡ ನಾಯಕನ ಇಷ್ಟದಿಂದ ನಮಗೆ ಸಿಕ್ಕ ರಕ್ಷಣೆ ಅವನ ಇಷ್ಟ ಇರುವ ತನಕ ಮಾತ್ರ. ಅವನ ನಂತರ ಬಂದವನ ಇಷ್ಟ ಬೇರೆಯಾದರೆ? ನಮ್ಮ ಹಿರಿಯರಲ್ಲಿ ಹಲವರು "ಮೇಲಿನವರು ನೋಡಿಕೊಳ್ಳುತ್ತಾರೆ" ಎಂದು ನಂಬಿ ಬೂತು, ಬ್ಲಾಕ್, ಜಿಲ್ಲೆಯ ಸಮಿತಿಗಳನ್ನು ನಿರ್ಲಕ್ಷಿಸಿದರು. ಸದಸ್ಯರ ಬಹುಮತ ಯಾವಾಗಲೂ ನಮ್ಮ ಪರ ಇರುವುದಿಲ್ಲ, ನಿಜ. ಅದಕ್ಕೆ ಪರಿಹಾರ ಮತವನ್ನೇ ತೆಗೆದುಹಾಕುವುದಲ್ಲ. ತ್ಯಾಬ್ಜಿಯವರಂತೆ ಒಳಗೆ ಹೋಗಿ ಪಟ್ಟಿಯಲ್ಲಿ ಹೆಸರು ಬರೆಸುವುದು, ನಿಯಮ ಮಾಡಿಸುವುದು.

ಎಣಿಸಿದ್ದು ಯಾರನ್ನು?

1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪ. ಆ ವರ್ಷದ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಅಖಿಲ ಭಾರತ ಸಮಿತಿಯ ಸಭೆಯಿಂದಲೇ ಬಿರುಕು ಬಹಿರಂಗವಾಗಿತ್ತು. ನವೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು. ಅವರ ಕಡೆಯವರು ಸಹಿ ಸಂಗ್ರಹಿಸಿ ಪ್ರತ್ಯೇಕ ಸಭೆ ಕರೆದರು. ಸಮಿತಿಯ 705 ಸದಸ್ಯರಲ್ಲಿ 446 ಮಂದಿ ಅಲ್ಲಿಗೆ ಹೋದರು. 'ಜೋಡೆತ್ತು' ಚಿಹ್ನೆ ಯಾರಿಗೆ ಸೇರಬೇಕು ಎಂಬ ವ್ಯಾಜ್ಯ ಚುನಾವಣಾ ಆಯೋಗಕ್ಕೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 1971ರ 'ಸಾದಿಕ್ ಅಲಿ' ತೀರ್ಪು ಎಂದರೆ ಇದೇ. ನಿಜಲಿಂಗಪ್ಪನವರ ಬಣದ ಪ್ರಧಾನ ಕಾರ್ಯದರ್ಶಿ ಸಾದಿಕ್ ಅಲಿಯವರ ಹೆಸರಿನಲ್ಲಿದ್ದ ಮೊಕದ್ದಮೆ ಅದು.

ಆ ಪ್ರಕರಣದಲ್ಲಿ ಪಕ್ಷದ ಸಂಘಟನೆಯ ಸಮಿತಿಗಳಲ್ಲಿ ಯಾರಿಗೆ ಬಹುಮತ, ಸಂಸದರು ಮತ್ತು ಶಾಸಕರಲ್ಲಿ ಯಾರಿಗೆ ಬಹುಮತ ಎಂದು ಎಣಿಸಲಾಯಿತು. ಪ್ರಾಥಮಿಕ ಸದಸ್ಯರನ್ನು ಒಬ್ಬೊಬ್ಬರಾಗಿ ಎಣಿಸಲಿಲ್ಲ. ದೇಶದ ತುಂಬ ಇರುವ ಸದಸ್ಯರನ್ನು ಎಣಿಸುವುದಾದರೂ ಹೇಗೆ? ಸಮಿತಿಯ ಪ್ರತಿನಿಧಿಗಳೇ ಅವರ ಇಚ್ಛೆಯ ಗುರುತು ಎಂದುಕೊಂಡರು. ಸಮಿತಿಗಳು ಚುನಾವಣೆಯಿಂದ ಬಂದಿದ್ದರೆ ಈ ಲೆಕ್ಕ ಸರಿ. ಆದರೆ 1972ರ ನಂತರ ಇಪ್ಪತ್ತು ವರ್ಷ ಕಾಂಗ್ರೆಸ್ಸಿನಲ್ಲಿ ಸಂಘಟನಾ ಚುನಾವಣೆಯೇ ನಡೆಯಲಿಲ್ಲ. 1992ರಲ್ಲಿ ತಿರುಪತಿಯಲ್ಲಿ ಕಾರ್ಯಕಾರಿ ಸಮಿತಿಗೆ ಚುನಾವಣೆ ನಡೆಯಿತು. ದಲಿತರು, ಮಹಿಳೆಯರು ಯಾರೂ ಗೆದ್ದಿಲ್ಲ ಎಂಬ ಕಾರಣ ಕೊಟ್ಟು ಪಿ.ವಿ. ನರಸಿಂಹರಾವ್ ಗೆದ್ದವರಿಂದ ರಾಜೀನಾಮೆ ಪಡೆದರು. ಕಾರಣ ನ್ಯಾಯವಾದದ್ದು ಎನಿಸುತ್ತದೆ. ಆದರೆ ಕೊನೆಗೆ ಆದದ್ದು ಚುನಾಯಿತ ಸಮಿತಿಯ ಜಾಗದಲ್ಲಿ ನಾಮಕರಣದ ಸಮಿತಿ. 1997ರಲ್ಲಿ ಸೀತಾರಾಮ್ ಕೇಸರಿ 6224 ಮತ ಪಡೆದು, ಪುಣೆ ಜಿಲ್ಲೆಯ ಬಾರಾಮತಿಯ ಶರದ್ ಪವಾರ್ (882) ಮತ್ತು ರಾಜೇಶ್ ಪೈಲಟ್ (354) ಇಬ್ಬರನ್ನೂ ಸೋಲಿಸಿದರು. ಅಷ್ಟು ಮತ ಪಡೆದವರನ್ನು ಮರುವರ್ಷ ಮಾರ್ಚಿನಲ್ಲಿ ಕಾರ್ಯಕಾರಿ ಸಮಿತಿಯ ಒಂದು ಸಭೆ ಇಳಿಸಿತು.

1999ರಲ್ಲಿ ಪವಾರ್ ಕಾಂಗ್ರೆಸ್ಸಿನಿಂದ ಹೊರಬಿದ್ದು ರಾಷ್ಟ್ರವಾದಿ ಕಾಂಗ್ರೆಸ್ ಪಕ್ಷ ಕಟ್ಟಿದರು. 2023ರ ಜುಲೈನಲ್ಲಿ ಅದೂ ಒಡೆಯಿತು. ಒಂದು ಬಣ ಶರದ್ ಪವಾರ್ ಅವರದ್ದು, ಇನ್ನೊಂದು ಅವರ ಅಣ್ಣನ ಮಗ ಅಜಿತ್ ಪವಾರ್ ಅವರದ್ದು. ನಿಜವಾದ ಪಕ್ಷ ಯಾವುದು? 2024ರ ಫೆಬ್ರುವರಿ 6ರಂದು ಚುನಾವಣಾ ಆಯೋಗ ಹೆಸರು ಮತ್ತು 'ಗಡಿಯಾರ' ಚಿಹ್ನೆಯನ್ನು ಅಜಿತ್ ಬಣಕ್ಕೆ ಕೊಟ್ಟಿತು. ಅದಕ್ಕೆ ಆಧಾರ ಶಾಸಕರ ಸಂಖ್ಯೆ. ಪಕ್ಷದೊಳಗಿನ ಸಂಘಟನಾ ಚುನಾವಣೆಗಳನ್ನು ನಂಬಿ ಬಹುಮತ ಲೆಕ್ಕ ಹಾಕುವ ಸ್ಥಿತಿ ಇರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಶಿವಸೇನೆಯ ವಿಷಯದಲ್ಲೂ ಆಯೋಗ ಶಾಸಕರನ್ನೇ ಎಣಿಸಿತ್ತು.

1870ರಲ್ಲಿ ಪುಣೆಯವರು "ನಿನ್ನ ಹಿಂದೆ ಇರುವ ಐವತ್ತು ಜನರ ಸಹಿ ತೋರಿಸು" ಎಂದಿದ್ದರು. 2024ರಲ್ಲಿ ಅದೇ ಜಿಲ್ಲೆಯಿಂದ ಬೆಳೆದ ಪಕ್ಷದ ಯಜಮಾನಿಕೆ ತೀರ್ಮಾನವಾಗುವಾಗ ಇಪ್ಪತ್ತು ವರ್ಷ ಬಾವುಟ ಹಿಡಿದ ಕಾರ್ಯಕರ್ತ ಲೆಕ್ಕಕ್ಕೇ ಬರಲಿಲ್ಲ. ತಪ್ಪು ಆಯೋಗದ್ದೊಂದೇ ಅಲ್ಲ. ನಂಬುವಂಥ ಪಟ್ಟಿಯನ್ನು, ಚುನಾವಣೆಯನ್ನು ಪಕ್ಷಗಳು ಇಟ್ಟುಕೊಂಡಿದ್ದರೆ ತಾನೇ ಎಣಿಸುವುದು?

ಖರ್ಗೆಯವರ ಚುನಾವಣೆ

2022ರ ಅಕ್ಟೋಬರ್ 17ರಂದು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮತ್ತೆ ಮತದಾನ ನಡೆಯಿತು. ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬೆಳೆದ ಮಲ್ಲಿಕಾರ್ಜುನ ಖರ್ಗೆ 7897 ಮತ ಪಡೆದರು, ಶಶಿ ತರೂರ್ 1072. 416 ಮತ ಅಸಿಂಧು. ನಿಜಲಿಂಗಪ್ಪನವರ ನಂತರ ಈ ಸ್ಥಾನಕ್ಕೆ ಬಂದ ಎರಡನೇ ಕನ್ನಡಿಗ ಅವರು. ಖರ್ಗೆಯವರು ತಳಮಟ್ಟದಿಂದ ಬಂದ ಕಾರ್ಯಕರ್ತ ಎಂಬುದು ನಮ್ಮ ಭಾಗದವರಿಗೆಲ್ಲ ಗೊತ್ತಿರುವ, ಹೆಮ್ಮೆಯ ವಿಷಯ. ಅವರೇ ಮನೆತನದ ಆಯ್ಕೆ ಎಂದು ಪತ್ರಿಕೆಗಳು ಬರೆದದ್ದೂ ನಿಜ.

ಆದರೆ ಆ ಚುನಾವಣೆಯಲ್ಲಿ ನನಗೆ ಮುಖ್ಯವೆನಿಸಿದ್ದು ಮತದಾನಕ್ಕಿಂತ ಮೊದಲು ಎದ್ದ ಪ್ರಶ್ನೆ. ಮತ ಹಾಕುವ ಸುಮಾರು ಒಂಬತ್ತು ಸಾವಿರ ಪ್ರತಿನಿಧಿಗಳು ಯಾರು, ಅವರ ಪಟ್ಟಿಯನ್ನು ಪ್ರಕಟಿಸಿ ಎಂದು ತರೂರ್, ಮನೀಷ್ ತಿವಾರಿ ಮೊದಲಾದ ಸಂಸದರು ಕೇಳಿದರು. ಎಲ್ಲರಿಗೂ ಪ್ರಕಟಿಸಲಾಗದು, ಕಚೇರಿಗೆ ಬಂದು ನೋಡಬಹುದು ಎಂಬ ಉತ್ತರ ಬಂತು. ನೋಡಿ, 1895ರಿಂದ 2022ರವರೆಗೆ ಜಗಳ ಒಂದೇ: ಪಟ್ಟಿ ಎಲ್ಲಿ? ಇತರ ಪಕ್ಷಗಳ ಕಥೆ ಇದಕ್ಕಿಂತ ಚೆನ್ನಾಗಿಲ್ಲ. ಬಿಜೆಪಿಯಲ್ಲಿ ಮೊದಲೇ ಒಪ್ಪಿಕೊಂಡ ಒಂದು ಹೆಸರು ಅವಿರೋಧವಾಗಿ ಆಯ್ಕೆಯಾಗುವುದು ರೂಢಿ. ಹಲವು ಪ್ರಾದೇಶಿಕ ಪಕ್ಷಗಳಲ್ಲಿ ಅಧ್ಯಕ್ಷಗಿರಿ ತಂದೆಯಿಂದ ಮಗನಿಗೆ ಹೋಗುತ್ತದೆ.

ಎಲ್ಲ ಸದಸ್ಯರಿಗೂ ನೇರ ಮತ ಕೊಟ್ಟರೆ ಎಲ್ಲ ಸರಿಹೋಗುತ್ತದಾ? ಅದೂ ಅಲ್ಲ. ಬ್ರಿಟನ್ನಿನ ಲೇಬರ್ ಪಕ್ಷದಲ್ಲಿ 2015ರಲ್ಲಿ ಸದಸ್ಯರೂ, ಮೂರು ಪೌಂಡ್ ಕಟ್ಟಿ ನೋಂದಾಯಿಸಿಕೊಂಡ ಬೆಂಬಲಿಗರೂ ಸೇರಿ ಜೆರೆಮಿ ಕಾರ್ಬಿನ್ ಅವರನ್ನು ಆರಿಸಿದರು. ಪಕ್ಷದ ಹೆಚ್ಚಿನ ಸಂಸದರಿಗೆ ಅವರು ಬೇಡವಾಗಿದ್ದರು, ವರ್ಷಗಟ್ಟಲೆ ಒಳಜಗಳ ನಡೆಯಿತು. ಕನ್ಸರ್ವೇಟಿವ್ ಪಕ್ಷದ ಸದಸ್ಯರು 2022ರ ಸೆಪ್ಟೆಂಬರಿನಲ್ಲಿ ಲಿಜ್ ಟ್ರಸ್ ಅವರನ್ನು ಆರಿಸಿದರು. ಖರ್ಗೆಯವರ ಫಲಿತಾಂಶ ಬಂದ ಮರುದಿನ, ಅಕ್ಟೋಬರ್ 20ರಂದು, ಅವರು ರಾಜೀನಾಮೆ ಘೋಷಿಸಿದರು. ಸದಸ್ಯರೂ ತಪ್ಪು ಮಾಡುತ್ತಾರೆ. ಆದರೆ ಆರಿಸಿದವರು ಯಾರು ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು, ಹಾಗಾಗಿ ಜವಾಬ್ದಾರಿಯನ್ನೂ ಅವರಿಂದ ಕೇಳಬಹುದು.

ನಮಗೆ ಇದರಿಂದ ಏನು?

ನಮ್ಮ ಸಮುದಾಯವನ್ನು 'ವೋಟ್ ಬ್ಯಾಂಕ್' ಎಂದು ಕರೆದಾಗ ನಮಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಆದರೆ ಐದು ವರ್ಷಕ್ಕೊಮ್ಮೆ ಓಟು ಹಾಕಿ, ಉಳಿದ ದಿನ ಪಕ್ಷದ ಬ್ಲಾಕ್ ಸಮಿತಿಯಲ್ಲಿ ಯಾರಿದ್ದಾರೆ ಎಂದೂ ತಿಳಿಯದೆ ಇದ್ದರೆ, ಆ ಪದವನ್ನು ನಾವೇ ನಿಜ ಮಾಡಿದಂತೆ ಆಗುತ್ತದೆ. ಪಕ್ಷ ಯಾವುದಾದರೂ ಆಗಲಿ, ಅದು ನಿಮ್ಮ ಆಯ್ಕೆ. ಸದಸ್ಯತ್ವದ ರಸೀದಿಯನ್ನು ನಿಮ್ಮ ದುಡ್ಡಿನಿಂದಲೇ ಪಡೆಯಿರಿ, ಬೇರೆಯವರು ಕಟ್ಟಿದ ಚಂದಾದ ಸದಸ್ಯರಾಗಬೇಡಿ. ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ. ಬ್ಲಾಕ್ ಅಧ್ಯಕ್ಷರನ್ನು ಆರಿಸಿದ ಸಭೆ ಯಾವ ದಿನ ನಡೆಯಿತು ಎಂದು ಕೇಳಿ. "ಆ ಸಭೆ ನಡೆದೇ ಇಲ್ಲ" ಎಂದು ಗೊತ್ತಾದರೆ ಆಶ್ಚರ್ಯ ಬೇಡ, ಆದರೆ ಕೇಳುವುದನ್ನು ಬಿಡಬೇಡಿ. ಮನೆಯ ಹೆಣ್ಣುಮಕ್ಕಳ ಹೆಸರನ್ನೂ ಬರೆಸಿ. ಸಾರ್ವಜನಿಕ ಸಭಾದ ಬಗ್ಗೆ ಫುಲೆ ಕೇಳಿದ ಪ್ರಶ್ನೆಯನ್ನು ನಮ್ಮ ಬಗ್ಗೆಯೂ ಯಾರಾದರೂ ಕೇಳಬಹುದು.

ಇದೇ ಅಭ್ಯಾಸ ನಮ್ಮ ಅಂಜುಮನ್‌ಗಳಿಂದ, ಶಾಲಾ ಸಮಿತಿಗಳಿಂದ ಶುರುವಾಗಲಿ. ಮಹಾಸಭೆ ಸರಿಯಾದ ದಿನಕ್ಕೆ ನಡೆಯಲಿ, ಸದಸ್ಯರ ಪಟ್ಟಿ ಗೋಡೆಯ ಮೇಲೆ ಬರಲಿ, ಸೋತ ಗುಂಪಿಗೂ ಸಮಿತಿಯಲ್ಲಿ ಕುರ್ಚಿ ಇರಲಿ. ಮನೆಯ ಹತ್ತಿರದ ಕಮಿಟಿಯಲ್ಲಿ ಲೆಕ್ಕ ಕೇಳದವರು ದೆಹಲಿಯ ಹೈಕಮಾಂಡ್ ಬಗ್ಗೆ ದೂರಿ ಪ್ರಯೋಜನವಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಪರೀಕ್ಷೆಯಲ್ಲಿ 'ಸೂರತ್ ಒಡಕು', 'ತ್ರಿಪುರಿ ಬಿಕ್ಕಟ್ಟು' ಎಂದು ಬರೆಯುವಾಗ ಇಸವಿಯ ಜೊತೆಗೆ ಇನ್ನೆರಡು ಪ್ರಶ್ನೆ ಹಾಕಿಕೊಳ್ಳಿ: ಆ ದಿನ ಮತ ಹಾಕಲು ಯಾರಿಗೆ ಅವಕಾಶವಿತ್ತು, ಹಾಕಿದ ಮತ ಕೊನೆಗೆ ಉಳಿಯಿತೇ? ಯಾವುದೇ ಪಕ್ಷದ, ಯಾವುದೇ ಸಂಸ್ಥೆಯ ನಾಯಕ ನಿಮ್ಮ ಹೆಸರಿನಲ್ಲಿ ಮಾತಾಡಲು ಬಂದಾಗಲೂ ಗೌರವದಿಂದಲೇ ಕೇಳಿ: ಸಾಹೇಬರೇ, ನಿಮ್ಮ ಮುಖ್ತಿಯಾರ್‌ನಾಮಾ ಎಲ್ಲಿದೆ?